ಜೊತೆಗೆ ಯಾರಿದ್ದಾರೆ?

ಆಸ್ಪತ್ರೆಯ ಕಿಟಕಿಯಲ್ಲಿ ಮೊದಲು ಕೇಳುವುದು ಕಾಯಿಲೆ ಯಾವುದೆಂದಲ್ಲ. ಜೊತೆಗೆ ಯಾರಿದ್ದಾರೆ ಎಂದು.

ನಮ್ಮ ಸಂಘದ ಸದಸ್ಯನೊಬ್ಬ, ಸ್ಪಿನ್ನಿಂಗ್ ಖಾತೆಯಲ್ಲಿ ಹತ್ತೊಂಬತ್ತು ವರ್ಷ ದುಡಿದವನು, ವಯಸ್ಸು ನಲವತ್ತಾರು, ಮದುವೆಯಾಗದವನು. ಬಾಯಿಯೊಳಗಿನ ಹುಣ್ಣು ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಅವನನ್ನು ಕರೆದುಕೊಂಡು ಹೋದಾಗ ಕಿಟಕಿಯಲ್ಲಿ ಈ ಪ್ರಶ್ನೆ ಬಂತು. "ಮನೆಯವರು ಯಾರೂ ಇಲ್ಲ" ಎಂದ. ಒಳಗಿನವರು ಕಾಗದವನ್ನು ಹಿಂದಕ್ಕೆ ತಳ್ಳಿ, "ಯಾರನ್ನಾದರೂ ಕರಕೊಂಡು ಬನ್ನಿ, ಸಹಿ ಬೇಕು" ಎಂದರು. ನಾವು ಪಕ್ಕದಲ್ಲೇ ಇದ್ದೆವು. ನಾವು ಸಹಿ ಮಾಡುತ್ತೇವೆ ಎಂದೆವು. "ನೀವು ಇವರಿಗೆ ಏನಾಗಬೇಕು?" ಸಂಘದವರು ಎಂದೆವು. ಅವರ ಫಾರಮ್ಮಿನಲ್ಲಿ ಗಂಡ, ಹೆಂಡತಿ, ತಂದೆ, ತಾಯಿ, ಮಗ, ಮಗಳು ಎಂದು ಅಚ್ಚಾಗಿತ್ತು. ಸಂಘ ಎಂದು ಅಚ್ಚಾಗಿರಲಿಲ್ಲ.

ಈ ಸಹಿಯ ವಿಚಾರವನ್ನು ಇಲ್ಲೇ ಹೇಳಿ ಮುಗಿಸುತ್ತೇವೆ. ಪ್ರಜ್ಞೆಯಲ್ಲಿರುವ, ಬುದ್ಧಿ ಸರಿಯಿರುವ ವಯಸ್ಕ ರೋಗಿ ತನ್ನ ಮೈಮೇಲಿನ ಶಸ್ತ್ರಚಿಕಿತ್ಸೆಗೆ ತಾನೇ ಒಪ್ಪಿಗೆ ಕೊಡತಕ್ಕವನು. ಅಂಥವನಿರುವಾಗ ತಾಯಿಯ ಒಪ್ಪಿಗೆ ಕೂಡ ಅವನ ಒಪ್ಪಿಗೆಯ ಸ್ಥಾನದಲ್ಲಿ ನಿಲ್ಲಲಾರದೆಂದು ಸುಪ್ರೀಂ ಕೋರ್ಟು 2008ರಲ್ಲಿ ಸಮೀರಾ ಕೊಹ್ಲಿ ಮೊಕದ್ದಮೆಯಲ್ಲಿ ಹೇಳಿದೆ. ಹಾಗಾದರೆ ಆ ಎರಡನೆಯ ಸಹಿ ಯಾಕೆ ಬೇಕು? ಚಿಕಿತ್ಸೆಗಲ್ಲ, ಬಿಲ್ಲಿಗೆ. ರೋಗಿ ಕೊಡಲಾರದೆ ಹೋದರೆ ಯಾರ ಕುತ್ತಿಗೆ ಹಿಡಿಯಬೇಕು ಎಂಬುದಕ್ಕೆ.

ಅದೇ ವಾರ ಗಿರಣಿಯ ಬಾಗಿಲಲ್ಲಿ ಶಾಮಿಯಾನ ಹಾಕಿ ಉಳಿತಾಯದ ಉಪನ್ಯಾಸ ನಡೆಯಿತು. ಬಂದಿದ್ದ ಮಹನೀಯರು ಒಳ್ಳೆಯ ಮಾತುಗಾರರು. ಪ್ರತಿಯೊಬ್ಬನೂ ಆರು ತಿಂಗಳ ಸಂಬಳದಷ್ಟು ಹಣವನ್ನು ಆಪತ್ತಿಗೆಂದು ಬೇರೆ ಇಡಬೇಕು, ಸಂಸಾರವಿಲ್ಲದ ಒಂಟಿಗರಿಗಂತೂ ಖರ್ಚೇ ಕಡಿಮೆ, ಅವರಿಗೆ ಇದು ಸುಲಭ ಎಂದರು. ಚಪ್ಪಾಳೆಯೂ ಬಿತ್ತು. ಚಪ್ಪಾಳೆ ಹೊಡೆದವರಲ್ಲಿ ಕೆಲವರು ಒಂಟಿಗರೇ.

ನಾವು ಹಿಂದೆ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದವರು. ಈ ಲೆಕ್ಕವನ್ನೂ ಹಲಗೆಯ ಮೇಲೆ ಬರೆದು ನೋಡೋಣ. ನಮ್ಮ ಸಂಗಾತಿಯ ತಿಂಗಳ ಸಂಬಳ 14,400 ರೂಪಾಯಿ. ಅದರಲ್ಲಿ ಇ. ಎಸ್. ಐ. ವಂತಿಗೆ ನೂರಕ್ಕೆ ಮುಕ್ಕಾಲು, ಅಂದರೆ 108. ಪ್ರಾವಿಡೆಂಟ್ ಫಂಡಿಗೆ ನೂರಕ್ಕೆ ಹನ್ನೆರಡು, 1,728. ಕೈಗೆ ಬರುವುದು 12,564. ಕೋಣೆಯ ಬಾಡಿಗೆ 3,000. ಗಂಡಹೆಂಡಿರಿಬ್ಬರು ದುಡಿದು ಅದೇ ಕೋಣೆಯಲ್ಲಿದ್ದರೆ ತಲೆಗೆ 1,500 ಆಗುತ್ತಿತ್ತು. ಒಬ್ಬನಿದ್ದರೆ ಗೋಡೆಗಳು ಅರ್ಧವಾಗುವುದಿಲ್ಲವಲ್ಲ! ಊಟಕ್ಕೆ 4,500. ಎರಡು ವರ್ಷದ ಹಿಂದೆ ತೀರಿಕೊಂಡ ತಾಯಿಯ ಔಷಧೋಪಚಾರಕ್ಕೆ ಮಾಡಿದ ಸಾಲದ ಕಂತು 1,500. ದೀಪ, ಫೋನು 500. ಉಳಿದದ್ದು 3,064. ಬಟ್ಟೆಬರೆ, ಬಸ್ಸು, ಕ್ಷೌರ, ಎಲೆಯಡಿಕೆ, ಊರ ಜಾತ್ರೆ, ತಂಗಿಯ ಮಗಳ ಮದುವೆಯ ಮುಯ್ಯಿ, ಮಳೆಗಾಲದ ಜ್ವರ ಎಲ್ಲವೂ ಇದರಲ್ಲೇ. ಬಹಳ ಬಿಗಿಹಿಡಿದರೆ ತಿಂಗಳಿಗೆ ಒಂದು ಸಾವಿರ ಉಳಿಯಬಹುದು.

ಆರು ತಿಂಗಳ ಸಂಬಳವೆಂದರೆ 86,400. ತಿಂಗಳಿಗೆ ಸಾವಿರದಂತೆ ಕೂಡಿಸಲು ಏಳು ವರ್ಷದ ಮೇಲೆ ಎರಡು ತಿಂಗಳು ಬೇಕು. ಅಲ್ಲಿಯವರೆಗೆ ಕ್ಯಾನ್ಸರ್ ಗಿರಣಿಯ ಬಾಗಿಲಲ್ಲಿ ಕಾದು ಕುಳಿತಿರಬೇಕು. ಉಪನ್ಯಾಸ ಮಾಡಿದ ಮಹನೀಯರು ಈ ಲೆಕ್ಕವನ್ನು ಮಾಡಲಿಲ್ಲ.

ಉಳಿತಾಯ ಬೇಡವೆಂದು ನಾವು ಹೇಳುತ್ತಿಲ್ಲ. ನಮ್ಮ ನಾಡಿನ ಬಡವನಿಗೆ ಉಳಿತಾಯದ ಪಾಠವನ್ನು ಹೊರಗಿನಿಂದ ತರಬೇಕಾಗಿಲ್ಲ. ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಬಂದು ಕೂಡಿಸಿಕೊಳ್ಳುವ ಪಿಗ್ಮಿ ಠೇವಣಿಯನ್ನು ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲೇ ನಮ್ಮ ಕರಾವಳಿಯಲ್ಲಿ ಆರಂಭಿಸಿದರು. ಆ ಬ್ಯಾಂಕು 2020ರಲ್ಲಿ ಬೇರೊಂದರಲ್ಲಿ ಲೀನವಾಯಿತು, ಪಿಗ್ಮಿ ಎಂಬ ಮಾತು ಮಾತ್ರ ಪ್ರತಿ ಅಂಗಡಿಯ ಗಲ್ಲಾದ ಮುಂದೆ ಇನ್ನೂ ಬದುಕಿದೆ. ನಾವು ಆಕ್ಷೇಪಿಸುವುದು ಉಳಿತಾಯವನ್ನಲ್ಲ. ಉಳಿತಾಯ ಮಾಡದ್ದೇ ಅವನ ತಪ್ಪು, ಆದ್ದರಿಂದ ಕಾಯಿಲೆಯ ಕಷ್ಟವೂ ಅವನ ಸ್ವಂತದ್ದು ಎಂದು ಸಮಾಜ ಕೈತೊಳೆದುಕೊಳ್ಳುವುದನ್ನು.

ಒಂಟಿಗನಿಗೆ ಖರ್ಚು ಕಡಿಮೆ ಎಂಬ ಮಾತು ಆರೋಗ್ಯವಿರುವಾಗಲೇ ಅರ್ಧ ಸುಳ್ಳು. ಹಾಸಿಗೆ ಹಿಡಿದ ದಿನ ಪೂರ್ತಿ ಸುಳ್ಳು. ಸಂಸಾರವಂದಿಗನು ಮಲಗಿದರೆ ಗಂಜಿ ಕಾಯಿಸುವವಳು ಹೆಂಡತಿ. ರಾತ್ರಿ ಹಾಸಿಗೆಯ ಪಕ್ಕದಲ್ಲಿ ಚಾಪೆ ಹಾಸಿಕೊಳ್ಳುವವನು ತಮ್ಮ. ರಕ್ತದ ಸೀಸೆ ಹಿಡಿದು ಓಡುವವನು ಭಾವಮೈದುನ. ಸಾಲಿನಲ್ಲಿ ನಿಲ್ಲುವುದು, ಚೀಟಿ ತರುವುದು, ಬಟ್ಟೆ ಒಗೆಯುವುದು, ಕೈಬಳೆ ಗಿರವಿ ಇಡುವುದು, ಎಲ್ಲವೂ ಮನೆಯವರ ಪಾಲು. ಇದಕ್ಕೆಲ್ಲ ಯಾರೂ ಕೂಲಿ ಕೊಡುವುದಿಲ್ಲ. ನಮ್ಮ ಆಸ್ಪತ್ರೆಗಳು, ವಿಮೆಗಳು, ಗಿರಣಿಗಳು ಎಲ್ಲವೂ ಈ ಬಿಟ್ಟಿ ದುಡಿಮೆಯ ಮೇಲೆ, ಅದರಲ್ಲೂ ಹೆಂಗಸರ ಬಿಟ್ಟಿ ದುಡಿಮೆಯ ಮೇಲೆ ನಡೆಯುತ್ತಿವೆ. ಆ ಬಿಟ್ಟಿ ಆಳು ಇಲ್ಲದವನು ಪ್ರತಿಯೊಂದಕ್ಕೂ ಕಾಸು ಬಿಚ್ಚಬೇಕು. ಕಾಸು ಬರುವುದು ನಿಲ್ಲುವುದೂ ಅದೇ ದಿನವೇ. ಸಂಸಾರವಂದಿಗರ ಕಷ್ಟ ಹಗುರವೆಂದು ಯಾರೂ ತಿಳಿಯಬಾರದು. ಅವರದು ಹಂಚಿಕೊಂಡ ಕಷ್ಟ, ಇವನದು ಹಂಚಲು ಯಾರೂ ಇಲ್ಲದ ಕಷ್ಟ, ಅಷ್ಟೇ ವ್ಯತ್ಯಾಸ.

ನಮ್ಮ ಸಂಗಾತಿಗೆ ಕೆನ್ನೆಯ ಒಳಗಿನ ಭಾಗ ತೆಗೆದರು. ಮೂಗಿನ ಮೂಲಕ ನಳಿಕೆ ಹಾಕಿ ಅದರಲ್ಲೇ ಆಹಾರ. ದಿನಕ್ಕೆ ಆರು ಹೊತ್ತು ತೆಳ್ಳಗೆ ಅರೆದು, ಸೋಸಿ, ಸಿರಿಂಜಿನಿಂದ ಹಾಕಬೇಕು. ಖಾನಾವಳಿಯಲ್ಲಿ ಇದು ಸಿಗುವುದಿಲ್ಲ. ಅವನು ಮಿಕ್ಸರ್ ಕೊಳ್ಳಬೇಕಾಯಿತು. ಅದನ್ನು ತಿರುಗಿಸಲು, ನಳಿಕೆ ತೊಳೆಯಲು ವಠಾರದ ಹುಡುಗನೊಬ್ಬನಿಗೆ ಇಪ್ಪತ್ತು ದಿನ, ದಿನಕ್ಕೆ 400ರಂತೆ 8,000 ಕೊಟ್ಟ. ಹುಡುಗ ಒಳ್ಳೆಯವನು, ತನ್ನ ಕೂಲಿ ಬಿಟ್ಟು ಬಂದಿದ್ದ, ಅವನನ್ನು ದೂರುವಂತಿಲ್ಲ.

ಆಮೇಲೆ ಬೆಂಗಳೂರಿನಲ್ಲಿ ವಿಕಿರಣ ಚಿಕಿತ್ಸೆ. ವಾರಕ್ಕೆ ಐದು ದಿನದಂತೆ ಏಳು ವಾರ. ದಿನಕ್ಕೆ ಹತ್ತು ನಿಮಿಷದ ಕೆಲಸ, ಆಸ್ಪತ್ರೆಯಲ್ಲಿ ಮಲಗಿಸಿಕೊಳ್ಳುವುದಿಲ್ಲ. ಉಳಿದ ಇಪ್ಪತ್ತಮೂರು ಗಂಟೆ ಐವತ್ತು ನಿಮಿಷ ಎಲ್ಲಿರಬೇಕು? ಒಂದು ಧರ್ಮಶಾಲೆಯಲ್ಲಿ ಜಾಗ ಕೇಳಿದೆವು. ಅಲ್ಲಿಯೂ ಅದೇ ಪ್ರಶ್ನೆ, ಜೊತೆಗೆ ಯಾರಿದ್ದಾರೆ? ಆರೈಕೆಗೆ ಜನವಿಲ್ಲದ ರೋಗಿಯನ್ನು ಸೇರಿಸುವ ಪದ್ಧತಿ ಇಲ್ಲವಂತೆ. ಕೊನೆಗೆ ದಿನಕ್ಕೆ 300 ರೂಪಾಯಿಯ ಕೋಣೆ ಹಿಡಿದ. ನಲವತ್ತೊಂಬತ್ತು ದಿನಕ್ಕೆ 14,700. ಅಷ್ಟೇ ದಿನಗಳಿಗೆ ಇ. ಎಸ್. ಐ.ನಿಂದ ಬಂದ ಕಾಯಿಲೆ ಭತ್ಯೆ, ದಿನಗೂಲಿ 480ರಲ್ಲಿ ನೂರಕ್ಕೆ ಎಪ್ಪತ್ತು, ಅಂದರೆ 336ರಂತೆ 16,464. ಹೊಟ್ಟೆಗೆ, ಬಸ್ಸಿಗೆ, ಔಷಧಕ್ಕೆ, ಇಲ್ಲಿನ ಕೋಣೆಯ ಬಾಡಿಗೆಗೆ, ಸಾಲದ ಕಂತಿಗೆ ಎಲ್ಲಾ ಸೇರಿ ಉಳಿದದ್ದು 1,764 ರೂಪಾಯಿ. ಚಿಕಿತ್ಸೆ ಪುಕ್ಕಟೆ ಎಂದು ಬೋರ್ಡಿನಲ್ಲಿ ಬರೆದದ್ದು ಸುಳ್ಳಲ್ಲ. ಚಿಕಿತ್ಸೆ ಪುಕ್ಕಟೆಯೇ. ಬದುಕಿರುವುದು ಪುಕ್ಕಟೆಯಲ್ಲ.

ಇ. ಎಸ್. ಐ.ಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅದು ದಾನವಾಗಿ ಬಂದದ್ದಲ್ಲ. ಜರ್ಮನಿಯಲ್ಲಿ ಬಿಸ್ಮಾರ್ಕನು 1883ರಲ್ಲಿ ಕಾಯಿಲೆಯ ವಿಮೆ ತಂದದ್ದು ಕಾರ್ಮಿಕರ ಮೇಲಿನ ಮಮತೆಯಿಂದಲ್ಲ, ಅವರು ಸಮಾಜವಾದಿಗಳ ಹಿಂದೆ ಹೋಗುತ್ತಾರೆಂಬ ಹೆದರಿಕೆಯಿಂದ. ನಮ್ಮಲ್ಲಿ ಪ್ರೊಫೆಸರ್ ಅಡಾರ್ಕರರು 1944ರಲ್ಲಿ ವರದಿ ಕೊಟ್ಟರು, 1948ರಲ್ಲಿ ಕಾಯಿದೆಯಾಯಿತು, 1952ರ ಫೆಬ್ರವರಿ 24ರಂದು ಕಾನ್ಪುರ, ದಿಲ್ಲಿಗಳಲ್ಲಿ ಆರಂಭವಾಯಿತು. ಆ ಕಾಯಿದೆಯನ್ನೇ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಸಿದ್ದಾರೆ. ವರ್ಷಕ್ಕೆ 91 ದಿನದವರೆಗೆ ನೂರಕ್ಕೆ ಎಪ್ಪತ್ತರ ಭತ್ಯೆ. ಕ್ಷಯ, ಕ್ಯಾನ್ಸರ್ ಮೊದಲಾದ ಮೂವತ್ತನಾಲ್ಕು ದೀರ್ಘ ಕಾಯಿಲೆಗಳಿಗೆ ಅದು ಮುಗಿದ ಮೇಲೆ ನೂರಕ್ಕೆ ಎಂಬತ್ತರಂತೆ, ಎರಡು ವರ್ಷದವರೆಗೆ. ನಮ್ಮ ಸಂಗಾತಿ ಇಂದು ಉಸಿರಾಡುತ್ತಿರುವುದು ಈ ದಿನಕ್ಕೆ 384 ರೂಪಾಯಿಯ ಮೇಲೆ. ಇದು ನಮ್ಮ ಹಿರಿಯರು ಹೋರಾಡಿ ಪಡೆದ ಹಕ್ಕು, ಒಂದಂಗುಲವೂ ಬಿಡತಕ್ಕದ್ದಲ್ಲ.

ಆದರೆ ಈ ಹಕ್ಕಿಗೆ ಬಾಗಿಲಿದೆ, ಬಾಗಿಲಿಗೆ ಚಿಲಕವಿದೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಮೊದಲನೆಯದರಲ್ಲಿ 78 ದಿನದ ವಂತಿಗೆ ಬಿದ್ದಿದ್ದರೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಭತ್ಯೆ ಸಿಗುತ್ತದೆ. ಎರಡನೆಯದರಲ್ಲಿ ಬಿದ್ದಿದ್ದರೆ ಜುಲೈಯಿಂದ ಡಿಸೆಂಬರ್‌ವರೆಗೆ. ದೀರ್ಘ ಕಾಯಿಲೆಯ ಭತ್ಯೆಗೆ ಎರಡು ವರ್ಷದ ನೌಕರಿಯೂ ಹಿಂದಿನ ನಾಲ್ಕು ಅವಧಿಗಳಲ್ಲಿ 156 ದಿನದ ವಂತಿಗೆಯೂ ಬೇಕು. ಕಾಯಂ ಕಾರ್ಮಿಕನಿಗೆ ಇದು ಕಷ್ಟವಲ್ಲ. ಬದಲಿ ಕಾರ್ಮಿಕನನ್ನು ಕೇಳಿ! ಗುತ್ತಿಗೆದಾರ ಬದಲಾದಾಗಲೆಲ್ಲ ಹೊಸ ನಂಬರು ಕೊಡುವುದು, ಸಂಬಳದಲ್ಲಿ ಹಿಡಿದ ವಂತಿಗೆಯನ್ನು ತಿಂಗಳುಗಟ್ಟಲೆ ಕಟ್ಟದಿರುವುದು, ಇಪ್ಪತ್ತಾರು ದಿನ ದುಡಿಸಿ ಹದಿಮೂರು ದಿನ ತೋರಿಸುವುದು, ಇವೆಲ್ಲ ನಮ್ಮ ಊರಿನ ಗುತ್ತಿಗೆದಾರರಿಗೆ ಎಡಗೈಯ ಕೆಲಸ. ಆರೋಗ್ಯವಾಗಿರುವಾಗ ಯಾರೂ ಎಣಿಸುವುದಿಲ್ಲ. ಹಾಸಿಗೆ ಹಿಡಿದ ಮೇಲೆ ಎಣಿಸಿದರೆ ಎಪ್ಪತ್ತೊಂದೋ ಎಪ್ಪತ್ತಮೂರೋ ಆಗಿರುತ್ತದೆ. ಹೆಂಡತಿ ಮಗ ದುಡಿಯುವ ಮನೆಯಲ್ಲಿ ಆ ಐದು ದಿನದ ಕೊರತೆ ಒಂದು ನಷ್ಟ. ಒಂಟಿಗನ ಮನೆಯಲ್ಲಿ ಅದು ಒಲೆ ಆರುವ ಸುದ್ದಿ.

ಇನ್ನೂ ಒಂದು ಮಾತು ನೆನಪಿರಲಿ. 2019ರ ಜುಲೈಗೆ ಮುಂಚೆ ಇ. ಎಸ್. ಐ.ಗೆ ಮಾಲೀಕ ನೂರಕ್ಕೆ ನಾಲ್ಕೂ ಮುಕ್ಕಾಲು, ಕಾರ್ಮಿಕ ಒಂದೂ ಮುಕ್ಕಾಲು ಕಟ್ಟುತ್ತಿದ್ದರು. ಸರ್ಕಾರ ಅದನ್ನು ಮೂರೂ ಕಾಲು ಮತ್ತು ಮುಕ್ಕಾಲಿಗೆ ಇಳಿಸಿತು. ಕಾರ್ಮಿಕರ ಕೈಗೆ ಹಣ ಉಳಿಯಿತೆಂದು ಡಂಗುರ ಹೊಡೆಯಿತು. ನಮ್ಮ ಸಂಗಾತಿಯ ಇಂದಿನ ಸಂಬಳಕ್ಕೆ ಲೆಕ್ಕ ಹಾಕಿದರೆ ಅವನಿಗೆ ಉಳಿಯುವುದು ತಿಂಗಳಿಗೆ 144, ಮಾಲೀಕನಿಗೆ ಉಳಿಯುವುದು ಅವನೊಬ್ಬನ ಲೆಕ್ಕದಲ್ಲೇ 216. ಐನೂರು ಜನರ ಗಿರಣಿಗೆ ತಿಂಗಳಿಗೆ 1,08,000. ವಂತಿಗೆ ಇಳಿಸುವಷ್ಟು ಹಣ ವಿಮಾ ನಿಧಿಯಲ್ಲಿ ಇತ್ತೆಂದ ಮೇಲೆ, ಜೊತೆಗೆ ಯಾರೂ ಇಲ್ಲದ ರೋಗಿಗೆ ಒಬ್ಬ ಆಳನ್ನು, ಹೊರಗಿನ ಊರಿನಲ್ಲಿ ಒಂದು ಮಂಚವನ್ನು ಯಾಕೆ ಕೊಡಲಿಲ್ಲ? ಈ ಪ್ರಶ್ನೆಯನ್ನು ಪಾರ್ಲಿಮೆಂಟಿನ ನಮ್ಮ ಜಿಲ್ಲೆಯ ಸದಸ್ಯರು ಕೇಳಿದ್ದು ನಮಗೆ ಕಾಣಲಿಲ್ಲ.

ಕಾಯಿದೆಯ ಇನ್ನೊಂದು ಮೂಲೆಯಲ್ಲಿ ಅಡಗಿರುವ ವಿಷ ಇದಕ್ಕಿಂತ ಕಠಿಣ. ಕಾರ್ಮಿಕನನ್ನು ಕೆಲಸದಿಂದ ತೆಗೆದರೆ ದುಡಿದ ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ ಪರಿಹಾರ ಕೊಡಬೇಕೆಂಬುದು 1953ರಿಂದ ಬಂದ ನಿಯಮ. ಅದೇ ಉಸಿರಿನಲ್ಲಿ, ದೀರ್ಘ ಅನಾರೋಗ್ಯದ ಕಾರಣಕ್ಕೆ ತೆಗೆದರೆ ಅದು ಆ ಲೆಕ್ಕಕ್ಕೆ ಬರುವುದಿಲ್ಲವೆಂದೂ ಬರೆದರು. ಎಪ್ಪತ್ತು ವರ್ಷ ಕಳೆದರೂ ಆ ಮಾತನ್ನು ಯಾರೂ ಅಳಿಸಲಿಲ್ಲ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಅದನ್ನೇ ನಕಲು ಮಾಡಿದ್ದಾರೆ. ಅಂದರೆ ಗಟ್ಟಿಮುಟ್ಟಾದ ಹತ್ತೊಂಬತ್ತು ವರ್ಷದ ಕಾರ್ಮಿಕನನ್ನು ತೆಗೆದರೆ, ದಿನಕ್ಕೆ 480ರ ಲೆಕ್ಕದಲ್ಲಿ 1,36,800 ಪರಿಹಾರ. ಕ್ಯಾನ್ಸರ್ ಬಂದವನನ್ನು ತೆಗೆದರೆ ಸೊನ್ನೆ. ಗ್ರಾಚ್ಯುಟಿ ಬೇರೆ, ಅದು ಬರಲೇಬೇಕು. ಕಾಯಿಲೆಯಿಂದ ಕೆಲಸಕ್ಕೆ ಅಶಕ್ತನಾದವನಿಗೆ ಐದು ವರ್ಷ ತುಂಬಿರಬೇಕೆಂಬ ಷರತ್ತೂ ಇಲ್ಲ. ಆದರೆ ಯಾರಿಗೆ ಹಣ ಹೆಚ್ಚು ಬೇಕೋ ಅವನಿಗೇ ಕಡಿಮೆ ಕೊಡುವ ಈ ನ್ಯಾಯವನ್ನು ಯಾವ ಧರ್ಮಶಾಸ್ತ್ರದಿಂದ ತಂದರೋ ತಿಳಿಯದು. ಆದುದರಿಂದ ಸಂಗಾತಿಗಳೇ, ಕಾಯಿಲೆಯ ನಡುವೆ ಮ್ಯಾನೇಜರು ಸಿಹಿಮಾತಿನಿಂದ ಕಾಗದ ಮುಂದಿಟ್ಟು "ನೀನು ಸುಧಾರಿಸಿಕೋ, ಇಲ್ಲಿ ಒಂದು ರುಜು ಹಾಕು" ಎಂದರೆ ಹಾಕಬೇಡಿ. ಸಂಘಕ್ಕೆ ತೋರಿಸದೆ ಯಾವ ಕಾಗದಕ್ಕೂ ರುಜು ಬೇಡ.

ಸಣ್ಣ ವ್ಯಾಪಾರಿಗಳು ಇದು ಗಿರಣಿಯವರ ಗೋಳೆಂದು ಪುಟ ತಿರುಗಿಸಬಾರದು. ಹತ್ತು ಜನ ಕೆಲಸಗಾರರಿಲ್ಲದ ಕಡೆ ಇ. ಎಸ್. ಐ. ಇಲ್ಲ. ಮಂಡಕ್ಕಿ ಭಟ್ಟಿಯವನಿಗೂ ಇಲ್ಲ, ಬೀಡಾ ಅಂಗಡಿಯವನಿಗೂ ಇಲ್ಲ, ಒಬ್ಬಳೇ ತರಕಾರಿ ಹಚ್ಚುವವಳಿಗೂ ಇಲ್ಲ. ಒಂಟಿ ಅಂಗಡಿಕಾರ ಮಲಗಿದರೆ ಅಂಗಡಿಯ ಬಾಗಿಲೂ ಮಲಗುತ್ತದೆ. ಮಳಿಗೆಯ ಬಾಡಿಗೆ ಮಲಗುವುದಿಲ್ಲ. ಸಗಟು ವ್ಯಾಪಾರಿ ಮೂರನೆಯ ದಿನ ಬಾಕಿ ಕೇಳುತ್ತಾನೆ. ಉದ್ರಿ ತೆಗೆದುಕೊಂಡವರು ಮುಚ್ಚಿದ ಬಾಗಿಲು ನೋಡಿ ಬೇರೆ ರಸ್ತೆಯಲ್ಲಿ ಹೋಗುತ್ತಾರೆ. ಯಾರಿಂದ ಎಷ್ಟು ಬರಬೇಕೆಂಬುದು ಅವನ ತಲೆಯಲ್ಲಿ ಇರುತ್ತದೆಯೇ ಹೊರತು ಪುಸ್ತಕದಲ್ಲಿ ಇರುವುದಿಲ್ಲ. ಆ ಉದ್ರಿಯನ್ನು ಇಂದೇ ಇನ್ನೊಬ್ಬರು ಓದುವಂತೆ ಬರೆದಿಡಿ. ಅದೇ ನಿಮ್ಮ ಆಪತ್ಧನ.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದ ಕಾರ್ಡಿದೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ. ಒಬ್ಬನೇ ಇದ್ದರೂ ಅವನೇ ಒಂದು ಕುಟುಂಬ. ಎ.ಪಿ.ಎಲ್. ಆದವರಿಗೆ ಸರ್ಕಾರ ಕೊಡುವುದು ಪ್ಯಾಕೇಜು ದರದಲ್ಲಿ ನೂರಕ್ಕೆ ಮೂವತ್ತು, ಉಳಿದ ಎಪ್ಪತ್ತು ರೋಗಿಯದೇ. ತುರ್ತು ಸಂದರ್ಭ ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಮೊದಲು ಬೇಕು. ಗಾಬರಿಯಲ್ಲಿ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಮಲಗಿ ಆಮೇಲೆ ಕಾರ್ಡು ತೋರಿಸಿ ಅತ್ತವರನ್ನು ನಾವು ಕಂಡಿದ್ದೇವೆ. ತಂದೆತಾಯಿಯ ಹಳೆಯ ರೇಷನ್ ಕಾರ್ಡಿನಲ್ಲಿ, ಅಣ್ಣನ ಕಾರ್ಡಿನಲ್ಲಿ ಹೆಸರಿರುವ ಒಂಟಿಗರು ತಮ್ಮ ಕಾರ್ಡಿನ ಸ್ಥಿತಿ ಏನೆಂದು ಆರೋಗ್ಯವಾಗಿರುವಾಗಲೇ ನೋಡಿಕೊಳ್ಳಬೇಕು. ಕ್ಷಯದವರಿಗೆ ಔಷಧ ಪುಕ್ಕಟೆ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ಕೊಡುತ್ತಿದ್ದ ತಿಂಗಳ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1,000 ಮಾಡಿದ್ದಾರೆ. ಕೇಳಿ ಪಡೆಯಿರಿ.

ಒಂಟಿ ಹೆಂಗಸರ ಮಾತು ಬೇರೆಯೇ. ಅವಳು ದುಡಿಯುವಾಗ ಅಣ್ಣತಮ್ಮಂದಿರು ಇರುತ್ತಾರೆ, ಕೆಡೆದು ಬಿದ್ದಾಗ ಇರುವುದಿಲ್ಲ. ನಲವತ್ತು ದಾಟಿದ ಅವಿವಾಹಿತೆಯರಿಗೂ ವಿಚ್ಛೇದಿತರಿಗೂ ಮನಸ್ವಿನಿ ಎಂಬ ಯೋಜನೆ 2013ರಲ್ಲಿ ತಿಂಗಳಿಗೆ 500 ರೂಪಾಯಿಯೊಂದಿಗೆ ಆರಂಭವಾಯಿತು, ಆಮೇಲೆ ಕೊಂಚ ಏರಿತು. ಆಸ್ಪತ್ರೆಗೆ ನಾಲ್ಕು ಸಲ ಆಟೋದಲ್ಲಿ ಹೋಗಿಬಂದರೆ ಅದು ಮುಗಿಯುತ್ತದೆ.

ಈ ಸಂದಿನಲ್ಲಿ ನುಗ್ಗುವವನು ಮೀಟರ್ ಬಡ್ಡಿಯವನು. ಅವನು ಜೊತೆಗೆ ಯಾರಿದ್ದಾರೆ ಎಂದು ಕೇಳುವುದಿಲ್ಲ. ಯಾರೂ ಇಲ್ಲದವನೇ ಅವನಿಗೆ ಇಷ್ಟ. ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಆದರೆ ಕಾಯಿದೆ ಬರುವುದು ಬಾಗಿಲು ತಟ್ಟಿದ ಮೇಲೆ. ನಮ್ಮ ಸಂಗಾತಿಯೂ ಒಬ್ಬನ ಬಳಿ 10,000 ತಂದಿದ್ದ. ನಮಗೆ ಹೇಳಿದ್ದು ಎರಡು ತಿಂಗಳ ಮೇಲೆ, ನಾಚಿಕೆಯಿಂದ. ಈ ನಾಚಿಕೆಯ ಮೇಲೆ ನಮಗೆ ಕಾಯಿಲೆಗಿಂತ ಹೆಚ್ಚು ಸಿಟ್ಟಿದೆ. ಹತ್ತೊಂಬತ್ತು ವರ್ಷ ಒಂದೇ ಪಾಳಿಯಲ್ಲಿ ದುಡಿದವರ ಹತ್ತಿರ ಬಾಯಿಬಿಡಲಾರದೆ ಬಡ್ಡಿಯವನ ಹತ್ತಿರ ಕೈಚಾಚಿದನೆಂದರೆ ತಪ್ಪು ಅವನದಲ್ಲ, ನಮ್ಮ ಸಂಘದ್ದು. ಮುಷ್ಕರದ ದಿನ ಮಾತ್ರ ನಾವು ಒಬ್ಬರಿಗೊಬ್ಬರು ಸಂಗಾತಿಗಳಾಗಿದ್ದೆವು.

ಪ್ರಾವಿಡೆಂಟ್ ಫಂಡಿನ ಕಾಗದ ನೋಡಿದಾಗ ಇನ್ನೊಂದು ಸಂಗತಿ ತಿಳಿಯಿತು. ಅವನು ಬರೆಸಿದ್ದ ನಾಮಿನಿ ತಾಯಿ. ತಾಯಿ ತೀರಿ ಎರಡು ವರ್ಷವಾಗಿತ್ತು. ಇದು ಅವನೊಬ್ಬನ ಕಥೆಯಲ್ಲ. ಕಾಯಿದೆಯ ಅರ್ಥದಲ್ಲಿ ಕುಟುಂಬವಿರುವವನು ಕುಟುಂಬದವರನ್ನೇ ಬರೆಸಬೇಕು. ಕುಟುಂಬವೇ ಇಲ್ಲದವನು ಯಾರನ್ನು ಬೇಕಾದರೂ ಬರೆಸಬಹುದು. ಮುಂದೆ ಮದುವೆಯಾದರೆ ಆ ಬರಹ ಬಿದ್ದುಹೋಗುತ್ತದೆ, ಹೊಸದು ಮಾಡಬೇಕು. ಬ್ಯಾಂಕಿನ ಠೇವಣಿಗೆ 2025ರ ನವೆಂಬರ್ 1ರಿಂದ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು. ಆದರೆ ಬ್ಯಾಂಕಿನ ನಾಮಿನಿಯೆಂದರೆ ಹಣ ಕೈಗೆ ಪಡೆಯುವವನು ಮಾತ್ರ. ಒಡೆಯ ಯಾರೆಂಬುದನ್ನು ವಾರಸು ಕಾಯಿದೆ ಹೇಳುತ್ತದೆ. ಕೊನೆಗಾಲದಲ್ಲಿ ಗಂಜಿ ಹಾಕಿದ ಸ್ನೇಹಿತನಿಗೆ ಏನಾದರೂ ಸೇರಬೇಕೆಂದಿದ್ದರೆ ಉಯಿಲು ಬರೆಯಬೇಕು. ಅದಕ್ಕೆ ಛಾಪಾ ಕಾಗದವಾಗಲಿ ನೋಂದಣಿಯಾಗಲಿ ಕಡ್ಡಾಯವಲ್ಲ. ಬಿಳಿ ಹಾಳೆ, ತನ್ನ ರುಜು, ಇಬ್ಬರು ಸಾಕ್ಷಿ ಸಾಕು. ಉಯಿಲು ಶ್ರೀಮಂತರ ವಸ್ತುವೆಂಬ ಭ್ರಮೆ ನಮ್ಮಲ್ಲಿದೆ.

ಬದುಕಿರುವಾಗ ಬ್ಯಾಂಕಿಗೆ ಹೋಗಲಾಗದಿದ್ದರೆ? ರುಜು ಹಾಕಲಾರದ ರೋಗಿಯ ಹೆಬ್ಬೆಟ್ಟಿನ ಗುರುತು, ಅದೂ ಆಗದಿದ್ದರೆ ಕಾಲಿನ ಬೆರಳ ಗುರುತು ಪಡೆದು, ಇಬ್ಬರು ಸಾಕ್ಷಿಗಳ ಮುಂದೆ, ಅವರಲ್ಲೊಬ್ಬ ಬ್ಯಾಂಕಿನ ಜವಾಬ್ದಾರಿ ಅಧಿಕಾರಿ, ಹಣ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆ ಇದೆ. ಕೌಂಟರಿನಲ್ಲಿ ಇಲ್ಲವೆಂದರೆ ಮ್ಯಾನೇಜರ ಕೋಣೆಗೆ ಹೋಗಿ ಈ ಮಾತು ಹೇಳಿ. ಎ.ಟಿ.ಎಂ. ಕಾರ್ಡು, ಅದರ ಗುಪ್ತ ಸಂಖ್ಯೆ ಕಂಡಕಂಡವರ ಕೈಗೆ ಕೊಡುವುದಕ್ಕಿಂತ ಇದು ಲೇಸು. ಮತ್ತು ಗ್ರಾಚ್ಯುಟಿಯೋ ಫಂಡೋ ಇಡಿಗಂಟಾಗಿ ಬಂದಾಗ ಅದನ್ನೆಲ್ಲ ಮೊದಲ ಆಸ್ಪತ್ರೆಯ ಮೊದಲ ಬಿಲ್ಲಿಗೆ ಸುರಿಯಬೇಡಿ. ಒಂಟಿಗನಿಗೆ ಚಿಕಿತ್ಸೆಯ ದಿನಗಳಿಗಿಂತ ಚಿಕಿತ್ಸೆ ಮುಗಿದು ಕೆಲಸಕ್ಕೆ ಹೋಗಲಾರದ ತಿಂಗಳುಗಳೇ ದುಬಾರಿ.

ಇವೆಲ್ಲ ಇರುವ ವ್ಯವಸ್ಥೆಯಲ್ಲಿ ಮುಳುಗದೆ ತೇಲುವ ಉಪಾಯಗಳು. ಇಷ್ಟಕ್ಕೆ ತೃಪ್ತರಾಗುವವರಲ್ಲ ನಾವು. ಕರ್ತವ್ಯದಲ್ಲಿ ಪೂರ್ತಿ ಅಂಗವಿಕಲನಾಗಿ, ಇನ್ನೊಬ್ಬರ ನೆರವಿಲ್ಲದೆ ದಿನ ಕಳೆಯಲಾರದ ತನ್ನ ನೌಕರನಿಗೆ ಕೇಂದ್ರ ಸರ್ಕಾರ ಪಿಂಚಣಿಯ ಮೇಲೆ ಪರಿಚಾರಕ ಭತ್ಯೆ ಕೊಡುತ್ತದೆ. ಹಾಗಾದರೆ ರೋಗಿಗೆ ಆಳು ಬೇಕು, ಆಳಿಗೆ ಕೂಲಿ ಬೇಕು ಎಂಬುದು ಸರ್ಕಾರಕ್ಕೆ ಗೊತ್ತಿಲ್ಲದ ವಿಷಯವಲ್ಲ. ಜೊತೆಗೆ ಯಾರೂ ಇಲ್ಲದ ವಿಮಾದಾರನಿಗೆ ಇ. ಎಸ್. ಐ. ಅದೇ ಭತ್ಯೆ ಕೊಡಲಿ. ಹೊರರೋಗಿಯಾಗಿ ದೊಡ್ಡ ಊರಿನಲ್ಲಿ ವಾರಗಟ್ಟಲೆ ಇರಬೇಕಾದವರಿಗೆ ಆಸ್ಪತ್ರೆಯ ಬಳಿ ತಂಗುಮನೆ ಕಟ್ಟಲಿ. ಅನಾರೋಗ್ಯದ ಕಾರಣಕ್ಕೆ ತೆಗೆದವನಿಗೆ ಪರಿಹಾರವಿಲ್ಲವೆಂಬ ಸಾಲನ್ನು ಸಂಹಿತೆಯಿಂದ ತೆಗೆದುಹಾಕಲಿ. ಸಂಬಳದ ಮಿತಿಯನ್ನು 2017ರ ಜನವರಿಯಲ್ಲಿ 21,000ಕ್ಕೆ ಏರಿಸಿದವರು ಬೆಲೆಗಳು ಓಡುತ್ತಿದ್ದರೂ ವರ್ಷಗಟ್ಟಲೆ ಅಲ್ಲೇ ನಿಲ್ಲಿಸಿ, ನೂರು ರೂಪಾಯಿ ಹೆಚ್ಚು ಸಂಬಳ ಪಡೆದವನನ್ನು ವಿಮೆಯಿಂದ ಹೊರಗಟ್ಟಿದ್ದಾರೆ. ಈ ಮಿತಿಯೇ ಬೇಡ.

ಇದು ಅತಿಯಾಸೆಯೆಂದು ಗಿರಣಿಯ ಬಾಗಿಲಿನ ಮಹನೀಯರು ನಗಬಹುದು. ಡಾಕ್ಟರ್ ಲೋಹಿಯಾ ಅವರು ಮದುವೆಯಾಗದವರು, ಆಸ್ತಿ ಮಾಡದವರು. 1967ರ ಅಕ್ಟೋಬರ್ 12ರಂದು ದಿಲ್ಲಿಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ, ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ಅವರ ಹಾಸಿಗೆಯ ಸುತ್ತ ಜನವಿತ್ತು, ಅವರು ಲೋಹಿಯಾ ಆಗಿದ್ದರು. ಸ್ಪಿನ್ನಿಂಗ್ ಖಾತೆಯ ನಮ್ಮ ಸಂಗಾತಿಯ ಸುತ್ತಲೂ ಜನವಿರಬೇಕೆಂಬುದೇ ನಾವು ಕೇಳುತ್ತಿರುವುದು.

ಸರ್ಕಾರ ಕೊಡುವವರೆಗೆ ಕಾಯುವಂತಿಲ್ಲ. ಕಳೆದ ಭಾನುವಾರ ಸಂಘದ ಕಾರ್ಯಕಾರಿ ಸಮಿತಿ ಮೂರು ತೀರ್ಮಾನ ಮಾಡಿದೆ. ತಿಂಗಳಿಗೆ ತಲೆಗೆ ಹತ್ತು ರೂಪಾಯಿಯ ಕಾಯಿಲೆ ನಿಧಿ, ಅದಕ್ಕೆ ಸದಸ್ಯರಾಗಲು ಸಣ್ಣ ವ್ಯಾಪಾರಿಗಳಿಗೂ ಅವಕಾಶ. ಹಣದ ಲೆಕ್ಕವನ್ನು ಪ್ರತಿ ತಿಂಗಳು ಗೋಡೆಗೆ ಅಂಟಿಸುವುದು. ಎರಡನೆಯದು ಸರದಿ ಪುಸ್ತಕ: ಆಸ್ಪತ್ರೆಯಲ್ಲಿರುವ ಒಂಟಿ ಸದಸ್ಯನ ಬಳಿ ಯಾವ ರಾತ್ರಿ ಯಾರು, ಸಾಲಿನಲ್ಲಿ ಯಾರು, ಸರ್ಟಿಫಿಕೇಟು ಇ. ಎಸ್. ಐ. ಕಚೇರಿಗೆ ಯಾರು ಮುಟ್ಟಿಸುವುದು ಎಂದು ಪಾಳಿಯಂತೆ ಹೆಸರು ಬರೆಯುವುದು. ಮೂರನೆಯದು ಕಾಗದಗಳ ತಪಾಸಣೆ. ಮೊದಲ ಪಾಳಿಯವರು ಭಾನುವಾರ ಸಂಜೆ ನಾಲ್ಕಕ್ಕೆ, ಎರಡನೆಯ ಪಾಳಿಯವರು ಬೆಳಿಗ್ಗೆ ಹತ್ತಕ್ಕೆ ಕಚೇರಿಗೆ ಬರಬೇಕು. ಇ. ಎಸ್. ಐ. ಕಾರ್ಡು, ಕಳೆದ ಆರು ತಿಂಗಳ ಸಂಬಳ ಚೀಟಿ, ಬ್ಯಾಂಕ್ ಪಾಸ್‌ಬುಕ್ಕು, ಫಂಡಿನ ನಂಬರು ತನ್ನಿ. ವ್ಯಾಪಾರಿಗಳು ರೇಷನ್ ಕಾರ್ಡು, ಉದ್ರಿ ಪುಸ್ತಕ ತನ್ನಿ. ದಿನಗಳನ್ನು ಕೂಡಿ 78 ಆಗುತ್ತದೆಯೇ ಎಂದು ಅಲ್ಲೇ ನೋಡೋಣ. ಓದಲು ಬಾರದವರು ಸಂಕೋಚ ಪಡಬೇಡಿ, ಓದಿ ಹೇಳಲು ಜನವಿರುತ್ತಾರೆ.

ಸರದಿ ಪುಸ್ತಕದಲ್ಲಿ ಇದುವರೆಗೆ ಹದಿನೇಳು ಹೆಸರು ಬಿದ್ದಿವೆ. ಬುಧವಾರ ಮತ್ತು ಶುಕ್ರವಾರದ ರಾತ್ರಿಗಳು ಇನ್ನೂ ಖಾಲಿ ಇವೆ.